ಹಳೆ ಕಾರಿನ ಡೈನಮೋ: ರಿಪೇರಿ ಮಾಡೋದಾ, ಬದಲಿಸೋದಾ?

ಎಂಜಿನ್ ಓಡುತ್ತಿದೆ, ಆದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಿಲ್ಲ. ಬ್ಯಾಟರಿ ಪದೇ ಪದೇ ಇಳಿದುಹೋಗುತ್ತಿದೆ. ಹಳೆ ಕಾರು ಇಟ್ಟುಕೊಂಡವರಿಗೆ ತಕ್ಷಣ ಅನುಮಾನ ಬರೋದು ಡೈನಮೋ ಮೇಲೆ, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರದ ಮೇಲೆ. ಅದರ ಹಿಂದೆಯೇ ಬರುವ ಯೋಚನೆ, ಇದನ್ನು ಕಿತ್ತು, ಇದೇ ಕೆಲಸ ಮಾಡುವ ಹೊಸ ಕಾಲದ ಯಂತ್ರವಾದ ಆಲ್ಟರ್ನೇಟರ್ ಹಾಕಿಬಿಡೋಣ ಅಂತ. ಎರಡಕ್ಕೂ ಆತುರ ಬೇಡ.

ಡೈನಮೋ ತುಂಬಾ ಗಟ್ಟಿ ಯಂತ್ರ. ಅದರಲ್ಲಿ ಸವೆಯುವ ಭಾಗಗಳು ಬೆರಳೆಣಿಕೆಯಷ್ಟು. ಬ್ರಷ್, ಹಿಂಬದಿಯಲ್ಲಿ ಶಾಫ್ಟ್ ಹಿಡಿದಿರುವ ಬುಶ್ ಅನ್ನುವ ಲೋಹದ ಬಳೆ, ಮುಂದಿನ ಬೇರಿಂಗ್, ಕಮ್ಯುಟೇಟರಿನ ಮೇಲ್ಮೈ, ಅಷ್ಟೇ. ಇವನ್ನೆಲ್ಲ ಸರಿ ಮಾಡಬಹುದು ಅಥವಾ ಬದಲಿಸಬಹುದು. ರಿಪೇರಿಯೋ ಬದಲಿಯೋ ಅನ್ನೋದನ್ನು ತೀರ್ಮಾನಿಸುವ ಭಾಗ ಒಂದೇ, ಆರ್ಮೇಚರ್, ಅಂದರೆ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ. ಅದರ ವೈಂಡಿಂಗ್ ಚೆನ್ನಾಗಿದ್ದರೆ ಮಿಕ್ಕಿದ್ದರಲ್ಲಿ ಬಹುಪಾಲು ಮನೆಯಲ್ಲೇ ಮಾಡುವ ಕೆಲಸ. ಅದು ಸುಟ್ಟಿದ್ದರೆ ಬೇರೆ ಡೈನಮೋ ಹುಡುಕೋದೇ ವಾಸಿ. ಹಾಗಾಗಿ ನಮ್ಮ ಪರೀಕ್ಷೆಗಳೆಲ್ಲ ಕೊನೆಗೆ ಬಂದು ನಿಲ್ಲೋದು ಈ ಒಂದು ಪ್ರಶ್ನೆಗೆ.

ಒಳಗೆ ನಡೆಯೋದೇನು?

ಡೈನಮೋ ಹೊರಗಿನ ಉಕ್ಕಿನ ಕೊಳವೆಯ ಒಳಗೋಡೆಗೆ ಎರಡು ಕಬ್ಬಿಣದ ಗಟ್ಟಿಗಳಿರುತ್ತವೆ. ಅವುಗಳ ಸುತ್ತ ತಂತಿಯ ಸುರುಳಿ. ಇವೇ ಫೀಲ್ಡ್ ಕಾಯಿಲ್‌ಗಳು, ಅಲುಗಾಡದೆ ಕೂತಿರುವ ಆಯಸ್ಕಾಂತ. ಮಧ್ಯದಲ್ಲಿ ಬೆಲ್ಟಿನ ಬಲದಿಂದ ತಿರುಗೋದು ಆರ್ಮೇಚರ್. ಅದರ ತಂತಿಗಳು ಆಯಸ್ಕಾಂತದ ನಡುವೆ ಹಾದುಹೋದಾಗ ಅವುಗಳಲ್ಲಿ ಕರೆಂಟ್ ಹುಟ್ಟುತ್ತದೆ. ಆದರೆ ಆ ಕರೆಂಟ್ ಅರ್ಧ ಸುತ್ತಿಗೊಮ್ಮೆ ದಿಕ್ಕು ಬದಲಿಸುತ್ತದೆ. ಬ್ಯಾಟರಿಗೆ ಬೇಕಾಗಿರೋದು ಒಂದೇ ದಿಕ್ಕಿನ ಕರೆಂಟ್. ಆ ಕೆಲಸಕ್ಕೇ ಕಮ್ಯುಟೇಟರ್ ಇರೋದು. ತಾಮ್ರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನಡುವೆ ಅಭ್ರಕ ಅಥವಾ ರಾಳದ ಪದರ ಇಟ್ಟ ಉರುಳೆ ಅದು. ಅದರ ಮೇಲೆ ಎರಡು ಇಂಗಾಲದ ಬ್ರಷ್‌ಗಳು ಉಜ್ಜುತ್ತಾ ಕೂತಿರುತ್ತವೆ. ಕರೆಂಟ್ ದಿಕ್ಕು ಬದಲಿಸುವ ಹೊತ್ತಿಗೆ ಸರಿಯಾಗಿ ಬ್ರಷ್‌ನ ಕೆಳಗೆ ಪಟ್ಟಿಯೂ ಬದಲಾಗಿರುತ್ತದೆ. ಹೊರಗೆ ಬರೋದು ಒಂದೇ ದಿಕ್ಕಿನದು.

ಇಲ್ಲೊಂದು ಮಜಾ ಇದೆ. ಆಯಸ್ಕಾಂತಕ್ಕೆ ಬೇಕಾದ ಕರೆಂಟನ್ನು ಕೊಡೋದು ಆರ್ಮೇಚರೇ. ಆದರೆ ಆಯಸ್ಕಾಂತ ಇಲ್ಲದೆ ಆರ್ಮೇಚರಿನಲ್ಲಿ ಕರೆಂಟ್ ಹುಟ್ಟೋದಿಲ್ಲ. ಹಾಗಾದರೆ ಶುರು ಆಗೋದು ಎಲ್ಲಿಂದ? ಹಿಂದಿನ ಸಲ ಓಡಿದಾಗಿನ ಕಾಂತತೆ ಆ ಕಬ್ಬಿಣದಲ್ಲಿ ಸ್ವಲ್ಪ ಉಳಿದಿರುತ್ತದೆ. ಅದರಿಂದ ಚೂರು ವೋಲ್ಟೇಜ್ ಹುಟ್ಟುತ್ತದೆ. ಅದು ಫೀಲ್ಡ್ ಕಾಯಿಲ್‌ಗೆ ಹೋಗಿ ಆಯಸ್ಕಾಂತವನ್ನು ಬಲಪಡಿಸುತ್ತದೆ, ಅದರಿಂದ ವೋಲ್ಟೇಜ್ ಇನ್ನಷ್ಟು ಏರುತ್ತದೆ, ಹೀಗೆ. 1866-67ರ ಹೊತ್ತಿಗೆ ಜರ್ಮನಿಯಲ್ಲಿ ವರ್ನರ್ ಸೀಮೆನ್ಸ್, ಇಂಗ್ಲೆಂಡಿನಲ್ಲಿ ವೀಟ್‌ಸ್ಟೋನ್ ಮತ್ತು ವಾರ್ಲಿ, ಬೇರೆ ಬೇರೆಯಾಗಿಯೇ ಈ ತತ್ವವನ್ನು ಕಂಡುಕೊಂಡರು. ಕಾರಿನ ಡೈನಮೋ ನಿಂತಿರೋದು ಇದರ ಮೇಲೆಯೇ. ಕಬ್ಬಿಣದಲ್ಲಿ ಉಳಿದಿರುವ ಆ ಚೂರು ಕಾಂತತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಡೈನಮೋ ಮಿತಿಯೂ ಇದೇ ರಚನೆಯಿಂದ ಬಂದದ್ದು. ಪೂರ್ತಿ ಕರೆಂಟ್ ಆ ಪುಟ್ಟ ಬ್ರಷ್‌ಗಳ ಮೂಲಕವೇ ಹೊರಬರಬೇಕು. ಭಾರವಾದ ತಾಮ್ರದ ಸುರುಳಿಯೆಲ್ಲ ತಿರುಗುವ ಭಾಗದ ಮೇಲೇ ಇದೆ. ಜಾಸ್ತಿ ವೇಗದಲ್ಲಿ ತಿರುಗಿಸಿದರೆ ಸುರುಳಿ ಹೊರಕ್ಕೆ ಎದ್ದುಬರುವ ಅಪಾಯ ಇದೆ. ಹಾಗಾಗಿ ಪುಲ್ಲಿಯನ್ನು ದೊಡ್ಡದಾಗಿಯೇ ಇಟ್ಟು ವೇಗವನ್ನು ತಗ್ಗಿಸುತ್ತಾರೆ. ಅದರ ಫಲ, ಎಂಜಿನ್ ಐಡಲ್‌ನಲ್ಲಿದ್ದಾಗ ಡೈನಮೋ ಹೆಚ್ಚುಕಡಿಮೆ ಏನೂ ಕೊಡೋದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾದರೆ, ಕೆಂಪು ದೀಪ ಮಿಣುಕಿದರೆ ಅದು ರೋಗ ಅಲ್ಲ, ಅದರ ಸ್ವಭಾವವೇ ಅಷ್ಟು. ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ದೀಪ ಆರಿದರೆ ಸಾಕು.

ಬ್ರಿಟಿಷ್ ಕಾರುಗಳಲ್ಲಿ ಅತಿ ಹೆಚ್ಚು ಕಾಣೋದು ಲ್ಯೂಕಾಸ್ ಕಂಪನಿಯ ಸಿ39 ಮತ್ತು ಸಿ40 ಮಾದರಿಯ ಡೈನಮೋಗಳು. ಮೊದಲನೆಯದು ಸುಮಾರು 19 ಆಂಪ್ಸ್ ಕೊಡುತ್ತದೆ, ಎರಡನೆಯದರ ಸಾಮಾನ್ಯ ಮಾದರಿ 22. ದೊಡ್ಡ ಕಾರುಗಳ ಸಿ42ಕ್ಕೆ 30. 22 ಆಂಪ್ಸ್ ಅಂದರೆ 13.5 ವೋಲ್ಟಿಗೆ ಹೆಚ್ಚುಕಡಿಮೆ 300 ವಾಟ್. ಎರಡು ಹೆಡ್‌ಲೈಟ್, ಹಿಂದಿನ ದೀಪಗಳು, ಇಗ್ನಿಷನ್ ಕಾಯಿಲ್, ವೈಪರ್, ಹೀಟರ್ ಫ್ಯಾನ್ ಎಲ್ಲ ಸೇರಿದರೆ ಆ ಲೆಕ್ಕ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಅಂದರೆ ಡೈನಮೋ ಪೂರ್ತಿ ಆರೋಗ್ಯವಾಗಿದ್ದರೂ ಮಳೆಗಾಲದ ರಾತ್ರಿ, ನಿಧಾನ ಟ್ರಾಫಿಕ್‌ನಲ್ಲಿ ಬ್ಯಾಟರಿ ಇಳಿಯುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆ ಡೈನಮೋಗಳು ಗುಜರಿ ಸೇರಿವೆ.

ಪಕ್ಕದಲ್ಲೇ ಇರುವ ಆ ಕಪ್ಪು ಡಬ್ಬಿ

ಡೈನಮೋ ಒಂಟಿಯಾಗಿ ಕೆಲಸ ಮಾಡೋದಿಲ್ಲ. ಅದರ ಜೊತೆ ಕಂಟ್ರೋಲ್ ಬಾಕ್ಸ್, ಅಂದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಇರುವ ಡಬ್ಬಿ, ಇರುತ್ತದೆ. ಲ್ಯೂಕಾಸ್ ಆರ್‌ಬಿ106ರಲ್ಲಿ ಎರಡು ಸುರುಳಿಗಳು, ಆಮೇಲೆ ಬಂದ ಆರ್‌ಬಿ340ರಲ್ಲಿ ಮೂರು. ಹಳೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳಲ್ಲಿ ಅನೇಕ ಕಡೆ ಬಾಷ್ ಕಂಪನಿಯ ರೆಗ್ಯುಲೇಟರ್ ಡೈನಮೋ ಬೆನ್ನ ಮೇಲೇ ಕೂತಿರುತ್ತದೆ.

ಅದರೊಳಗಿನ ಒಂದು ಸುರುಳಿ ವೋಲ್ಟೇಜ್ ನೋಡಿಕೊಳ್ಳುತ್ತದೆ. ವೋಲ್ಟೇಜ್ ಜಾಸ್ತಿ ಆದ ಕೂಡಲೇ ಅದರ ಪಾಯಿಂಟ್‌ಗಳು (ಸ್ವಿಚ್ಚಿನಂತೆ ಕೂಡಿ ಬಿಡುವ ಲೋಹದ ತುದಿಗಳು) ತೆರೆದುಕೊಂಡು ಫೀಲ್ಡ್ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಒಂದು ರೆಸಿಸ್ಟರ್ ಸೇರಿಸುತ್ತವೆ. ಆಯಸ್ಕಾಂತ ದುರ್ಬಲವಾಗುತ್ತದೆ, ವೋಲ್ಟೇಜ್ ಇಳಿಯುತ್ತದೆ, ಪಾಯಿಂಟ್ ಮತ್ತೆ ಮುಚ್ಚುತ್ತದೆ. ಇದು ಸೆಕೆಂಡಿಗೆ ಹತ್ತಾರು ಸಲ ನಡೆಯುವ ಕಂಪನ. ಇನ್ನೊಂದು ಸುರುಳಿ ಕಟ್‌ಔಟ್. ಇದು ಒಂದೇ ಕಡೆಗೆ ತೆರೆಯುವ ಬಾಗಿಲಿನ ಹಾಗೆ. ಡೈನಮೋ ವೋಲ್ಟೇಜ್ ಸುಮಾರು 13ಕ್ಕೆ ಬಂದಾಗ ಬ್ಯಾಟರಿಗೆ ದಾರಿ ತೆರೆಯುತ್ತದೆ, ಎಂಜಿನ್ ನಿಧಾನವಾದಾಗ ಮುಚ್ಚುತ್ತದೆ. ಮುಚ್ಚದಿದ್ದರೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಡೈನಮೋವನ್ನೇ ಮೋಟಾರಿನಂತೆ ತಿರುಗಿಸಲು ನೋಡುತ್ತದೆ. ಬೆಲ್ಟ್ ಹಿಡಿದುಕೊಂಡಿರೋದರಿಂದ ಅದು ತಿರುಗೋದಿಲ್ಲ, ಬದಲಿಗೆ ಬಿಸಿಯಾಗುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ಡೈನಮೋ ವಯರ್ ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಕಾರಣ ಇದೇ. ಮೊದಲು ಬ್ಯಾಟರಿ ಕನೆಕ್ಷನ್ ಬಿಚ್ಚಿ, ಆಮೇಲೆ ಯೋಚನೆ ಮಾಡಿ. ಸುಟ್ಟುಹೋದ ಆರ್ಮೇಚರ್ ನೋಡಿದಾಗ ಈ ಕಟ್‌ಔಟನ್ನು ಅನುಮಾನಿಸದೆ ಹೊಸ ಡೈನಮೋ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಆರ್‌ಬಿ106ರಲ್ಲಿ ‘ಇ’ ಅನ್ನುವ ಅರ್ತ್ ವಯರ್, ಅಂದರೆ ಕಾರಿನ ಬಾಡಿಗೆ ಸೇರುವ ತಂತಿ, ಒಂದಿದೆ. ನೋಡಲು ಲೆಕ್ಕಕ್ಕಿಲ್ಲದ ತಂತಿ. ಅದು ಸಡಿಲವಾದರೆ ರೆಗ್ಯುಲೇಟರಿಗೆ ವೋಲ್ಟೇಜ್ ಎಷ್ಟಿದೆ ಅನ್ನೋದೇ ತಿಳಿಯೋದಿಲ್ಲ. ಡೈನಮೋಗೆ ಲಂಗುಲಗಾಮಿಲ್ಲ, ಬ್ಯಾಟರಿ ಕುದಿಯುತ್ತದೆ, ಬಲ್ಬ್‌ಗಳು ಹೋಗುತ್ತವೆ.

ಬಿಚ್ಚುವ ಮೊದಲು

ಡೈನಮೋ ಕಾರಿನಲ್ಲೇ ಇರಲಿ. ಫ್ಯಾನ್ ಬೆಲ್ಟ್ ನೋಡಿ, ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ತಗ್ಗಬೇಕು. ಕನೆಕ್ಷನ್‌ಗಳು ಹಸಿರುಗಟ್ಟಿದ್ದರೆ ಒರೆಸಿ.

ಆಮೇಲೆ ನಿಜವಾದ ಪರೀಕ್ಷೆ. ಲ್ಯೂಕಾಸ್ ಡೈನಮೋ ಹಿಂದೆ ಎರಡು ಟರ್ಮಿನಲ್ ಇರುತ್ತವೆ. ದೊಡ್ಡದು ‘ಡಿ’, ಅಂದರೆ ಕರೆಂಟ್ ಹೊರಬರುವ ಜಾಗ. ಚಿಕ್ಕದು ‘ಎಫ್’, ಫೀಲ್ಡ್. ಎರಡೂ ವಯರ್ ತೆಗೆಯಿರಿ, ತುದಿಗಳು ಎಲ್ಲೂ ತಾಗದಂತೆ ಪಕ್ಕಕ್ಕಿಡಿ. ಡೈನಮೋದ ಡಿ ಮತ್ತು ಎಫ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ. ವೋಲ್ಟ್ ಮೀಟರಿನ ಒಂದು ತುದಿಯನ್ನು ಆ ತಂತಿಗೆ, ಇನ್ನೊಂದನ್ನು ಡೈನಮೋ ಬಾಡಿಗೆ ಹಿಡಿಯಿರಿ. ಮುಳ್ಳಿನ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಡಿಜಿಟಲ್ ಮೀಟರ್ ಬ್ರಷ್‌ನ ಕಿಡಿಗಳಿಗೆ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಎಂಜಿನ್ ಶುರು ಮಾಡಿ ನಿಧಾನವಾಗಿ ವೇಗ ಏರಿಸಿ. ಮುಳ್ಳು ನಡುಗದೆ, ಒಂದೇ ಸಮ ಮೇಲೇರಬೇಕು. ಐಡಲ್‌ಗಿಂತ ಸ್ವಲ್ಪ ಮೇಲೆ, ಸುಮಾರು 1000 ಆರ್‌ಪಿಎಮ್ ಹೊತ್ತಿಗೆ ಅದು 20 ವೋಲ್ಟ್ ಮುಟ್ಟುತ್ತದೆ. ಅಲ್ಲಿಗೇ ನಿಲ್ಲಿಸಿ. ಈಗ ರೆಗ್ಯುಲೇಟರ್ ಇಲ್ಲ, ಇನ್ನೂ ಏರಿಸುತ್ತಾ ಹೋದರೆ ವೈಂಡಿಂಗ್ ಸುಡುತ್ತದೆ.

ಮುಳ್ಳು ಹೀಗೆ ಏರಿತು ಅಂದರೆ ಡೈನಮೋ ನಿರಪರಾಧಿ, ತೊಂದರೆ ಕಂಟ್ರೋಲ್ ಬಾಕ್ಸಿನಲ್ಲೋ ವಯರಿನಲ್ಲೋ ಇದೆ. ಮುಳ್ಳು ಅಲುಗಾಡಲೇ ಇಲ್ಲ ಅಂದರೆ ಮೊದಲ ಅನುಮಾನ ಬ್ರಷ್. ಅರ್ಧದಿಂದ ಒಂದು ವೋಲ್ಟ್ ಮಾತ್ರ ಬಂದರೆ ಫೀಲ್ಡ್ ಕಾಯಿಲ್ ಕಡೆ ನೋಡಬೇಕು, ಕಬ್ಬಿಣದ ಉಳಿಕೆ ಕಾಂತತೆ ಕೆಲಸ ಮಾಡುತ್ತಿದೆ ಆದರೆ ಮುಂದೆ ಬೆಳೆಯುತ್ತಿಲ್ಲ ಅಂತ ಅದರ ಅರ್ಥ. ನಾಲ್ಕೈದು ವೋಲ್ಟಿಗೆ ಬಂದು ನಿಂತರೆ ಆರ್ಮೇಚರ್ ಮೇಲೆ ಅನುಮಾನ. ಒಂದು ಮೀಟರ್, ಒಂದು ತುಂಡು ತಂತಿ, ಐದು ನಿಮಿಷದಲ್ಲಿ ಇಷ್ಟು ತಿಳಿಯುತ್ತದೆ. ಸುಮ್ನೆ ಬಿಡಿಭಾಗ ಬದಲಿಸುತ್ತಾ ಹೋಗೋದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ಡಿ ಟರ್ಮಿನಲ್‌ಗೆ ರೇಡಿಯೋ ಕರಕರ ತಡೆಯಲು ಒಂದು ಪುಟ್ಟ ಕೆಪಾಸಿಟರ್ ಕಟ್ಟಿರುತ್ತಾರೆ ಕೆಲವರು. ಅದು ಶಾರ್ಟ್ ಆದರೆ ಡೈನಮೋ ಪೂರ್ತಿ ಸತ್ತಂತೆ ಕಾಣುತ್ತದೆ. ಅದನ್ನು ಬಿಚ್ಚಿಟ್ಟು ಇನ್ನೊಮ್ಮೆ ನೋಡಿ. ಅದೇ ಕೆಪಾಸಿಟರನ್ನು ಎಫ್‌ಗೆ ಮಾತ್ರ ಯಾವತ್ತೂ ಕಟ್ಟಬೇಡಿ, ರೆಗ್ಯುಲೇಟರ್ ಪಾಯಿಂಟ್‌ಗಳು ಹಾಳಾಗುತ್ತವೆ.

ಡಿ-ಎಫ್ ಸೇರಿಸುವ ಈ ವಿಧಾನ ಲ್ಯೂಕಾಸ್‌ಗೆ ಸರಿ, ಏಕೆಂದರೆ ಅದರಲ್ಲಿ ಫೀಲ್ಡ್ ಕಾಯಿಲ್‌ನ ಇನ್ನೊಂದು ತುದಿ ಒಳಗೇ ಬಾಡಿಗೆ ಅರ್ತ್ ಆಗಿರುತ್ತದೆ. ಬಾಷ್ ಮತ್ತು ಡೆಲ್ಕೊ ಕಂಪನಿಗಳ ಅನೇಕ ಡೈನಮೋಗಳಲ್ಲಿ ಇದು ತಿರುಗಾಮುರುಗಾ. ಅಲ್ಲಿ ಫೀಲ್ಡ್‌ನ ಒಂದು ತುದಿ ಒಳಗೇ ಔಟ್‌ಪುಟ್‌ಗೆ ಸೇರಿರುತ್ತದೆ, ರೆಗ್ಯುಲೇಟರ್ ಇನ್ನೊಂದು ತುದಿಯನ್ನು ಅರ್ತ್ ಮಾಡುತ್ತದೆ. ಅಂಥದ್ದರಲ್ಲಿ ಫೀಲ್ಡ್ ಟರ್ಮಿನಲ್ಲನ್ನು ಬಾಡಿಗೆ ಸೇರಿಸಿ ಪರೀಕ್ಷೆ ಮಾಡಬೇಕು. ನಿಮ್ಮ ಕಾರಿನದು ಯಾವ ಜಾತಿ ಅಂತ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿಯೇ ಮುಂದುವರಿಯಿರಿ.

ಮೇಜಿನ ಮೇಲೆ

ಹೊರತೆಗೆದ ಡೈನಮೋಗೆ ಇನ್ನೊಂದು ಚಂದದ ಪರೀಕ್ಷೆ ಇದೆ. ಡಿ-ಎಫ್ ಸೇರಿಸಿದ ತಂತಿಗೆ ಬ್ಯಾಟರಿಯ ಒಂದು ತುದಿ, ಬಾಡಿಗೆ ಇನ್ನೊಂದು. ಡೈನಮೋ ಆರೋಗ್ಯವಾಗಿದ್ದರೆ ಮೋಟಾರಿನಂತೆ ನಿಧಾನವಾಗಿ, ಒಂದೇ ಲಯದಲ್ಲಿ ತಿರುಗುತ್ತದೆ. ತಡವರಿಸಿದರೆ, ಕೈಯಿಂದ ತಳ್ಳಿದರೆ ಮಾತ್ರ ಹೊರಟರೆ, ಆರ್ಮೇಚರಿನ ಯಾವುದೋ ಸುರುಳಿ ಹೋಗಿದೆ ಅಥವಾ ಬ್ರಷ್ ಸರಿಯಾಗಿ ಕೂತಿಲ್ಲ. ಈ ಪರೀಕ್ಷೆಯನ್ನು ಕೆಲವು ಸೆಕೆಂಡುಗಳಿಗೆ ಮುಗಿಸಿ. ಡೈನಮೋವನ್ನು ವೈಸ್‌ನಲ್ಲಿ ಮೆದುವಾಗಿ ಹಿಡಿದಿರಲಿ.

ಇನ್ನು ಬಿಚ್ಚೋದು. ಉದ್ದಕ್ಕೂ ಹಾದುಹೋಗುವ ಎರಡು ಬೋಲ್ಟ್ ತೆಗೆದರೆ ಹಿಂದಿನ ಮುಚ್ಚಳ ಬ್ರಷ್‌ಗಳ ಸಮೇತ ಹೊರಬರುತ್ತದೆ, ಮುಂದಿನ ಮುಚ್ಚಳ ಆರ್ಮೇಚರ್ ಸಮೇತ. ಮುಚ್ಚಳಗಳು ಕೂತಿದ್ದ ಕೋನವನ್ನು ಮೊದಲೇ ಗೀರಿ ಗುರುತು ಮಾಡಿಟ್ಟುಕೊಳ್ಳಿ.

ಬ್ರಷ್‌ಗಳಿಂದ ಶುರು ಮಾಡೋಣ. ಒಂದು ಸೆಂಟಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಬದಲಿಸೋದೇ ಸರಿ. ಉದ್ದ ಇದ್ದರೂ ತನ್ನ ಗೂಡಿನಲ್ಲಿ ಸಲೀಸಾಗಿ ಜಾರದಿದ್ದರೆ ಅದು ಕಮ್ಯುಟೇಟರ್ ಮುಟ್ಟೋದಿಲ್ಲ. ಎಣ್ಣೆ, ಇಂಗಾಲದ ಪುಡಿ ಸೇರಿ ಅಂಟಾಗಿ ಹಿಡಿದುಬಿಟ್ಟಿರುತ್ತದೆ. ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಡೈನಮೋಗಳು ಅಷ್ಟಕ್ಕೇ ಎದ್ದು ಕೂರುತ್ತವೆ. ಹೊಸ ಬ್ರಷ್‌ನ ಮುಖ ಚಪ್ಪಟೆ ಇದ್ದರೆ ಅದನ್ನು ಕಮ್ಯುಟೇಟರಿನ ಬಾಗಿಗೆ ಹೊಂದಿಸಬೇಕು. ಅದಕ್ಕೆ ಕಮ್ಯುಟೇಟರಿಗೆ ನಯವಾದ ಉಪ್ಪು ಕಾಗದ ಸುತ್ತಿ, ಒರಟು ಮುಖ ಹೊರಗಿಟ್ಟು, ಬ್ರಷ್ ಅದರ ಮೇಲೆ ಉಜ್ಜುವಂತೆ ತಿರುಗಿಸಿ. ಸ್ಪ್ರಿಂಗ್ ಕಾದು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದರ ಬಿಗಿ ಹೋಗಿದೆ ಅಂತಲೇ ಲೆಕ್ಕ.

ಕಮ್ಯುಟೇಟರ್ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು, ಏಕೆಂದರೆ ಡೈನಮೋದ ಇಡೀ ಕಥೆ ಅದರ ಮೇಲೆ ಬರೆದಿರುತ್ತದೆ. ನಯವಾಗಿ, ಚಾಕೊಲೇಟ್ ಕಂದು ಬಣ್ಣದ ತೆಳು ಪದರ ಇದ್ದರೆ ಅದು ಆರೋಗ್ಯದ ಲಕ್ಷಣ. ಅದನ್ನು ಉಜ್ಜಿ ತಳತಳ ಮಾಡಲು ಹೋಗಬೇಡಿ. ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಒರೆಸಿ, ಹೋಗದಿದ್ದರೆ ನಯವಾದ ಗಾಜಿನ ಉಪ್ಪು ಕಾಗದ ಹಿಡಿದು ತಿರುಗಿಸಿ. ಎಮರಿ ಪೇಪರ್ ಮಾತ್ರ ಬೇಡ. ಅದರ ಗಟ್ಟಿ ಕಣಗಳು ತಾಮ್ರದೊಳಗೆ ಹೂತು ಬ್ರಷ್‌ಗಳನ್ನು ತಿನ್ನುತ್ತವೆ, ಪಟ್ಟಿಗಳ ನಡುವೆ ಸೇರಿ ಶಾರ್ಟ್ ಕೂಡ ಮಾಡಬಹುದು.

ಬ್ರಷ್ ಓಡಿದ ಜಾಗ ಹಳ್ಳ ಬಿದ್ದಿದ್ದರೆ ಲೇತ್‌ಗೆ ಕೊಡಬೇಕು. ಹರಿತವಾದ ಟೂಲ್‌ನಿಂದ ಸುತ್ತ ಒಂದೇ ಮಟ್ಟ ಬರುವಷ್ಟು ಮಾತ್ರ, ತೆಳ್ಳಗೆ ಹೆರೆಸಿ. ತಾಮ್ರ ಸವೆದಂತೆ ನಡುವಿನ ಅಭ್ರಕ ಸವೆಯೋದಿಲ್ಲ, ಅದು ಎದ್ದು ನಿಂತು ಬ್ರಷ್‌ಗಳನ್ನು ಎತ್ತಿ ಎತ್ತಿ ಹಾಕುತ್ತದೆ. ಹಾಗಾಗಿ ಹೆರೆಸಿದ ಮೇಲೆ ಪಟ್ಟಿಗಳ ಸಂದಿಯನ್ನು ತಗ್ಗಿಸಬೇಕು. ಹಳೆ ಅಭ್ರಕದ ಮಾದರಿಯಲ್ಲಿ ಸುಮಾರು 0.8 ಮಿಲಿಮೀಟರ್ ಆಳ, ರಾಳದಲ್ಲಿ ಎರಕ ಹೊಯ್ದ ಹೊಸ ಮಾದರಿಯಲ್ಲಿ ಅದಕ್ಕಿಂತ ಕಡಿಮೆ. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಂದಿಯ ಅಗಲಕ್ಕೆ ಸರಿಯಾಗಿ ಸಾಣೆ ಹಿಡಿದರೆ ಅದೇ ಉಪಕರಣ. ಸಂದಿಯ ತಳ ಚೌಕವಾಗಿ ಬರಬೇಕು, ಅಂಚಿನಲ್ಲಿ ಅಭ್ರಕದ ಸಣ್ಣ ಗೋಡೆ ಉಳಿಯಬಾರದು. ತಾಳ್ಮೆ ಬೇಡುವ ಕೆಲಸ ಇದು. ಅವಸರದವರು ಇಲ್ಲಿಯೇ ಸೋಲೋದು.

ಈಗ ಆ ಮುಖ್ಯ ಪ್ರಶ್ನೆ, ಆರ್ಮೇಚರ್. ಕಣ್ಣೇ ಮೊದಲ ಮೀಟರ್. ಪಟ್ಟಿಗಳಲ್ಲಿ ಅಕ್ಕಪಕ್ಕದ ಒಂದೆರಡು ಮಾತ್ರ ಸುಟ್ಟು ಕಪ್ಪಾಗಿ ಗುಳಿ ಬಿದ್ದಿದ್ದರೆ ಅವಕ್ಕೆ ಸೇರಿದ ಸುರುಳಿ ತುಂಡಾಗಿದೆ. ಕೊಳವೆಯ ಒಳಗೋಡೆಯಲ್ಲಿ ಬೆಳ್ಳಿ ಬಣ್ಣದ ಸಣ್ಣ ಹನಿಗಳು ಕಂಡರೆ ಅದು ಕರಗಿ ಎರಚಿದ ಬೆಸುಗೆ. ಅಂದರೆ ಡೈನಮೋ ಯಾವತ್ತೋ ವಿಪರೀತ ಕಾದಿದೆ, ಸುರುಳಿ ಮತ್ತು ಪಟ್ಟಿ ಸೇರುವ ಜಾಗದಲ್ಲಿ ಬೆಸುಗೆ ಕಿತ್ತುಬಂದಿದೆ. ಅಷ್ಟೇ ಆಗಿದ್ದರೆ ಮತ್ತೆ ಬೆಸೆಯಬಹುದು. ಆದರೆ ಸುರುಳಿಯ ವಾರ್ನಿಶ್ ಕರಿದಂತಾಗಿ ಉದುರುತ್ತಿದ್ದರೆ ಆಸೆ ಬಿಡಬೇಕು.

ಮೀಟರಿನಲ್ಲಿ ಒಂದು ತುದಿಯನ್ನು ಶಾಫ್ಟ್‌ಗೆ, ಇನ್ನೊಂದನ್ನು ಒಂದೊಂದಾಗಿ ಪಟ್ಟಿಗಳಿಗೆ ಹಿಡಿಯಿರಿ. ಯಾವುದರಲ್ಲೂ ಸಂಪರ್ಕ ತೋರಬಾರದು. ತೋರಿದರೆ ಸುರುಳಿ ಬಾಡಿಗೆ ಶಾರ್ಟ್ ಆಗಿದೆ. ಸುರುಳಿಗಳು ತಮ್ಮತಮ್ಮಲ್ಲೇ ಶಾರ್ಟ್ ಆಗಿದ್ದರೆ ಮಾತ್ರ ಸಾಮಾನ್ಯ ಮೀಟರಿಗೆ ಗೊತ್ತಾಗೋದಿಲ್ಲ, ಅವುಗಳ ರೆಸಿಸ್ಟೆನ್ಸ್ ಅಷ್ಟು ಕಡಿಮೆ. ಅದಕ್ಕೆ ವೈಂಡಿಂಗ್ ಮಾಡುವವರ ಬಳಿ ಗ್ರೌಲರ್ ಅನ್ನುವ ಯಂತ್ರ ಇರುತ್ತದೆ. ಆರ್ಮೇಚರನ್ನು ಅದರ ಮೇಲಿಟ್ಟು, ಮೇಲ್ಗಡೆ ಒಂದು ತೆಳು ಬ್ಲೇಡ್ ಹಿಡಿದು ತಿರುಗಿಸುತ್ತಾರೆ. ಶಾರ್ಟ್ ಇರುವ ಜಾಗದಲ್ಲಿ ಬ್ಲೇಡ್ ಗರ್ರನೆ ಅದುರುತ್ತದೆ. ಅದುರಿದರೆ ರೀವೈಂಡಿಂಗ್ ಅಥವಾ ಬೇರೆ ಡೈನಮೋ. ಅಪರೂಪದ ಕಾರಿನ ಅಪರೂಪದ ಡೈನಮೋ ಆದರೆ ರೀವೈಂಡಿಂಗ್ ಮಾಡಿಸಿ. ಸಿ40ರಂಥ ಎಲ್ಲೆಲ್ಲೂ ಸಿಗುವ ಮಾದರಿಗೆ ಅದು ವ್ಯರ್ಥ ಪ್ರಯಾಸ ಅನ್ನೋದು ನನ್ನ ಅಭಿಪ್ರಾಯ.

ಫೀಲ್ಡ್ ಕಾಯಿಲ್ ಸುಲಭ. ಎಫ್ ಮತ್ತು ಬಾಡಿ ನಡುವೆ ಅಳೆದರೆ ಲ್ಯೂಕಾಸ್ ಸಿ40ರಲ್ಲಿ ಸುಮಾರು 6 ಓಮ್ ಬರಬೇಕು. ಏನೂ ತೋರದಿದ್ದರೆ ತಂತಿ ತುಂಡಾಗಿದೆ, ತೀರಾ ಕಡಿಮೆ ಇದ್ದರೆ ಶಾರ್ಟ್. ಸರಿಯಿದ್ದರೆ ಮುಟ್ಟಲೇಬೇಡಿ. ಆ ಕಬ್ಬಿಣದ ಗಟ್ಟಿಗಳನ್ನು ಹಿಡಿದಿರುವ ಸ್ಕ್ರೂಗಳು ಅಷ್ಟು ಸುಲಭಕ್ಕೆ ಬಿಡೋದಿಲ್ಲ. ಮತ್ತೆ ಕೂರಿಸುವಾಗ ಗಟ್ಟಿ ಕೂದಲೆಳೆಯಷ್ಟು ಒಳಗೆ ಬಂದರೂ ಆರ್ಮೇಚರಿಗೆ ತಾಗುತ್ತದೆ.

ಹಿಂದಿನ ಬುಶ್ ಸವೆದಾಗಲೂ ಆಗೋದು ಇದೇ. ಶಾಫ್ಟ್ ಅಲ್ಲಾಡಿ ಆರ್ಮೇಚರಿನ ಕಬ್ಬಿಣ ಗಟ್ಟಿಗಳಿಗೆ ಉಜ್ಜುತ್ತದೆ, ಅದರ ಮೈಮೇಲೆ ಹೊಳೆಯುವ ಗೀರುಗಳು ಬೀಳುತ್ತವೆ. ಬುಶ್ ಇಲ್ಲಿ ಸಾಮಾನ್ಯ ಕಂಚಿನದಲ್ಲ, ಎಣ್ಣೆ ಹೀರಿಕೊಳ್ಳುವ ರಂಧ್ರಮಯ ಕಂಚು. ಹಳೆಯದಕ್ಕೆ ಥ್ರೆಡ್ ಕೊರೆಯುವ ದಪ್ಪ ಟ್ಯಾಪ್ ಒಂದನ್ನು ನೇರವಾಗಿ ತಿರುಗಿಸಿ ಎಳೆದರೆ ಬರುತ್ತದೆ. ಹೊಸದನ್ನು ಕೂರಿಸುವ ಮೊದಲು ತೆಳು ಎಂಜಿನ್ ಆಯಿಲ್‌ನಲ್ಲಿ 24 ಗಂಟೆ ನೆನೆಹಾಕಬೇಕು. ಶಾಫ್ಟ್‌ನಷ್ಟೇ ದಪ್ಪದ, ನುಣ್ಣಗೆ ಪಾಲಿಶ್ ಮಾಡಿದ ಕಡ್ಡಿ ಇಟ್ಟು ಒತ್ತಿ ಕೂರಿಸಿ. ಬಿಗಿಯಾಯಿತು ಅಂತ ರೀಮರ್ ಹಾಕಿ ಅಗಲ ಮಾಡಿದರೆ ರಂಧ್ರಗಳು ಮುಚ್ಚಿಹೋಗುತ್ತವೆ, ಎಣ್ಣೆ ಬರೋದು ನಿಲ್ಲುತ್ತದೆ. ಮುಂದಿನ ಬಾಲ್ ಬೇರಿಂಗ್ ಒರಟಾಗಿ ತಿರುಗಿದರೆ ಬದಲಿಸಿ, ಶಾಖ ತಡೆಯುವ ಗ್ರೀಸ್ ತುಂಬಿ. ಬೇರಿಂಗ್ ಬೇಗ ಹೋಗಲು ಮುಖ್ಯ ಕಾರಣ ವಿಪರೀತ ಬಿಗಿದ ಬೆಲ್ಟ್. ಕಮ್ಯುಟೇಟರ್ ಕೊಳೆಯಾಗಲು ಮುಖ್ಯ ಕಾರಣ ಹಿಂದಿನ ಎಣ್ಣೆ ರಂಧ್ರಕ್ಕೆ ಧಾರಾಳವಾಗಿ ಸುರಿದ ಎಣ್ಣೆ. ಎರಡು ಮೂರು ಹನಿ ಸಾಕು.

ಜೋಡಿಸುವಾಗ ಬ್ರಷ್‌ಗಳು ಅಡ್ಡ ಬರುತ್ತವೆ. ಅವುಗಳನ್ನು ಅರ್ಧ ಮೇಲೆತ್ತಿ ಸ್ಪ್ರಿಂಗನ್ನು ಪಕ್ಕಕ್ಕೆ ಒರಗಿಸಿದರೆ ಅಲ್ಲೇ ನಿಲ್ಲುತ್ತವೆ. ಮುಚ್ಚಳ ಪೂರ್ತಿ ಕೂರುವ ಸ್ವಲ್ಪ ಮೊದಲು ಸಂದಿಯಿಂದ ಒಂದು ಕೊಕ್ಕೆ ತಂತಿ ಹಾಕಿ ಸ್ಪ್ರಿಂಗನ್ನು ಬ್ರಷ್‌ನ ತಲೆ ಮೇಲೆ ಕೂರಿಸಿ.

ಕಾರಿಗೆ ವಾಪಸ್

ಉಳಿಕೆ ಕಾಂತತೆಯ ಮಾತು ಈಗ ಬರುತ್ತದೆ. ಬಹಳ ದಿನ ಸುಮ್ಮನಿದ್ದ, ಕೆಳಗೆ ಬಿದ್ದ ಅಥವಾ ಬೇರೆ ಕಾರಿನಿಂದ ಬಂದ ಡೈನಮೋದಲ್ಲಿ ಆ ಕಾಂತತೆ ಇಲ್ಲದಿರಬಹುದು, ಇಲ್ಲವೇ ಉಲ್ಟಾ ದಿಕ್ಕಿನದ್ದಾಗಿರಬಹುದು. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಉಲ್ಟಾ ಇದ್ದರೆ ಡೈನಮೋ ಚೆನ್ನಾಗಿ ಕರೆಂಟ್ ಮಾಡುತ್ತದೆ, ಆದರೆ ತಪ್ಪು ದಿಕ್ಕಿನದು. ಕಟ್‌ಔಟ್ ಪಾಯಿಂಟ್‌ಗಳು ಸುಟ್ಟು ಅಂಟಿಕೊಳ್ಳುವ ಸಾಧ್ಯತೆ ಇದೆ.

ಹಾಗಾಗಿ ಬೆಲ್ಟ್ ಹಾಕಿ, ವಯರ್ ಸೇರಿಸುವ ಮೊದಲು ದಿಕ್ಕು ಕೂರಿಸಬೇಕು. ಲ್ಯೂಕಾಸ್‌ನಲ್ಲಿ ಬ್ಯಾಟರಿಯ ಬಾಡಿಗೆ ಸೇರದ ತುದಿಯಿಂದ ಒಂದು ವಯರ್ ತಂದು ಎಫ್ ಟರ್ಮಿನಲ್‌ಗೆ ಎರಡು ಮೂರು ಸಲ ಮುಟ್ಟಿಸಿ ತೆಗೆಯಿರಿ. ಬ್ಯಾಟರಿ ಹತ್ತಿರ ಕಿಡಿ ಬೇಡ, ಆದ್ದರಿಂದ ವಯರನ್ನು ಮೊದಲು ಬ್ಯಾಟರಿಗೆ ಕಟ್ಟಿ ಆಮೇಲೆ ಡೈನಮೋ ತುದಿಯಲ್ಲಿ ಮುಟ್ಟಿಸಿ. ಎಫ್‌ಗೆ ಸೇರಿದ್ದ ಕಾರಿನ ವಯರ್ ಆಗ ಬಿಚ್ಚಿಯೇ ಇರಬೇಕು. ಫೀಲ್ಡ್ ಒಳಗೇ ಔಟ್‌ಪುಟ್‌ಗೆ ಸೇರಿರುವ ಡೆಲ್ಕೊ ಮಾದರಿಗಳಲ್ಲಿ ವಿಧಾನ ಬೇರೆ. ಅಲ್ಲಿ ರೆಗ್ಯುಲೇಟರಿನ ಬ್ಯಾಟರಿ ಮತ್ತು ಆರ್ಮೇಚರ್ ಟರ್ಮಿನಲ್‌ಗಳನ್ನು ಕ್ಷಣಮಾತ್ರ ಸೇರಿಸುತ್ತಾರೆ.

ಬ್ರಾಕೆಟ್‌ಗೆ ಹೊಸ ಪೇಂಟ್ ಹೊಡೆದಿದ್ದರೆ ಬೋಲ್ಟ್ ಕೂರುವ ಜಾಗವನ್ನು ಲೋಹ ಕಾಣುವ ತನಕ ಕೆರೆಯಿರಿ, ಡೈನಮೋಗೆ ಅರ್ತ್ ಸಿಗೋದು ಅಲ್ಲಿಂದಲೇ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಮೊದಲು ಚಾರ್ಜರಿನಲ್ಲಿ ತುಂಬಿಸಿ. ಇಳಿದ ಬ್ಯಾಟರಿ ಹೊಸದಾಗಿ ಜೋಡಿಸಿದ ಡೈನಮೋದಿಂದ ಮೊದಲ ದಿನವೇ ಗಂಟೆಗಟ್ಟಲೆ ಪೂರ್ತಿ ಕರೆಂಟ್ ಎಳೆದರೆ ಅದೇ ಹಳೆ ಶಾಖ, ಅದೇ ಹಳೆ ಬೆಸುಗೆ ಕಥೆ.

ಬದಲಿಸಲೇಬೇಕಾದರೆ

ಅದೇ ಮಾದರಿಯ, ರಿಪೇರಿ ಮಾಡಿದ ಡೈನಮೋ ತರೋದು ಸರಳ ದಾರಿ. ಹೊರಗಿನ ಹೊಳೆಯುವ ಪೇಂಟ್ ನೋಡಿ ಮರುಳಾಗಬೇಡಿ, ಶಾಫ್ಟ್ ತಿರುಗಿಸಿ, ಅಲ್ಲಾಡಿಸಿ, ಮೋಟಾರ್ ಪರೀಕ್ಷೆ ಮಾಡಿ ತನ್ನಿ. ಉದ್ದ, ಕಾಲುಗಳ ಅಂತರ, ಶಾಫ್ಟ್‌ನ ದಪ್ಪ ಹೊಂದಬೇಕು. ತಿರುಗುವ ದಿಕ್ಕು ಕೂಡ. ಉಲ್ಟಾ ತಿರುಗಿಸಿದರೆ ಉಳಿಕೆ ಕಾಂತತೆಯಿಂದ ಹುಟ್ಟುವ ಕರೆಂಟ್ ಆ ಕಾಂತತೆಯನ್ನೇ ಅಳಿಸಲು ನೋಡುತ್ತದೆ, ವೋಲ್ಟೇಜ್ ಏರೋದೇ ಇಲ್ಲ.

ಇನ್ನೊಂದು ದಾರಿ ಆಲ್ಟರ್ನೇಟರ್. ಇದರಲ್ಲಿ ಆಯಸ್ಕಾಂತ ತಿರುಗುತ್ತದೆ, ದಪ್ಪ ಕರೆಂಟಿನ ಸುರುಳಿ ಹೊರಗೆ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಚಿಕ್ಕ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಐಡಲ್‌ನಲ್ಲೂ ಚಾರ್ಜ್ ಬರುತ್ತದೆ. ಸಿಲಿಕಾನ್ ಡಯೋಡ್‌ಗಳು ಬಂದ ಮೇಲೆ ಇದು ಕಾರಿಗೆ ಹೊಂದಿಕೊಂಡಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್‌ನಲ್ಲೇ ಹಾಕಿತು. ಬ್ರಿಟನ್ನಿನ ಎಂಜಿಬಿ ಕಾರು 1967ರಲ್ಲಿ ಡೈನಮೋ ಬಿಟ್ಟಿತು.

ರಾತ್ರಿ ಜಾಸ್ತಿ ಓಡಿಸುವವರಿಗೆ, ಎಲೆಕ್ಟ್ರಿಕ್ ಫ್ಯಾನ್ ಹಾಕಿದವರಿಗೆ ಆಲ್ಟರ್ನೇಟರ್ ಸರಿ. ಹಗಲು ಹೊತ್ತಿನಲ್ಲಿ ಆಗಾಗ ಹೊರಗೆ ತೆಗೆಯುವ ಕಾರಿಗೆ ಡೈನಮೋ ಧಾರಾಳವಾಗಿ ಸಾಕು. ಹಿಂದಿನ ದೀಪಗಳಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ಅದರ ಹೊರೆ ಇನ್ನೂ ಇಳಿಯುತ್ತದೆ.

ಬದಲಿಸುವುದೇ ಆದರೆ ಕೆಲವು ವಿಷಯ ಮೊದಲೇ ನೋಡಿಕೊಳ್ಳಬೇಕು. ಸಾಮಾನ್ಯ ಆಲ್ಟರ್ನೇಟರಿಗೆ ನೆಗೆಟಿವ್ ಅರ್ತ್ ಬೇಕು. ಬ್ಯಾಟರಿ ಉಲ್ಟಾ ಸೇರಿಸಿದರೆ ಡಯೋಡ್‌ಗಳು ಆ ಕ್ಷಣವೇ ಹೋಗುತ್ತವೆ. ಹಳೆ ಚಾರ್ಜಿಂಗ್ ವಯರ್ 22 ಆಂಪ್ಸ್‌ಗೆ ಹಾಕಿದ್ದು. ಅದರಲ್ಲಿ 45 ಆಂಪ್ಸ್ ಹರಿಸಿದರೆ ಬೆಂಕಿಯನ್ನು ಕರೆದಂತೆ. ದಪ್ಪ ವಯರ್ ಎಳೆಯಲೇಬೇಕು. ಡ್ಯಾಶ್‌ಬೋರ್ಡಿನ ಹಳೆ ಆಮ್‌ಮೀಟರ್ 30 ಆಂಪ್ಸಿನದ್ದಾಗಿದ್ದರೆ ಅದನ್ನೂ ದಾರಿಯಿಂದ ತೆಗೆಯಬೇಕು. ಕಂಟ್ರೋಲ್ ಬಾಕ್ಸ್‌ಗೆ ಇನ್ನು ಕೆಲಸ ಇಲ್ಲ, ಅನೇಕರು ಒಳಗಿನ ಸುರುಳಿಗಳನ್ನು ಬೇರ್ಪಡಿಸಿ ನೋಟಕ್ಕೆ ಮಾತ್ರ ಉಳಿಸಿಕೊಳ್ಳುತ್ತಾರೆ.

ಡೈನಮೋ ಬೇರೆ ಕೆಲಸವನ್ನೂ ಮಾಡುತ್ತಿದೆಯಾ ಅಂತ ನೋಡಿ. ಆಸ್ಟಿನ್-ಹೀಲಿ ಸ್ಪ್ರೈಟ್‌ನ ಮೊದಲ ಮಾದರಿಯಲ್ಲಿ ಎಂಜಿನ್ ವೇಗದ ಮೀಟರಿನ ಕೇಬಲ್ ಡೈನಮೋದ ಬೆನ್ನಿನಿಂದಲೇ ಹೊರಡುತ್ತದೆ. ಆಲ್ಟರ್ನೇಟರ್ ಬಂದರೆ ಆ ಮೀಟರ್ ಸತ್ತಂತೆ. ಬೀಟಲ್‌ನಲ್ಲಿ ಎಂಜಿನ್ನನ್ನು ತಣ್ಣಗಿಡುವ ಫ್ಯಾನ್ ಕೂತಿರೋದೇ ಡೈನಮೋ ಶಾಫ್ಟ್ ಮೇಲೆ. ಅಲ್ಲಿ ಬೇರಿಂಗ್ ಶಬ್ದ ಬಂದರೆ ಚಾರ್ಜಿಂಗ್ ಚಿಂತೆ ಆಮೇಲೆ, ಎಂಜಿನ್ ಚಿಂತೆ ಮೊದಲು.

ಹಳೆ ನೋಟವೂ ಬೇಕು, ಹೊಸ ಶಕ್ತಿಯೂ ಬೇಕು ಅನ್ನುವವರಿಗೆ ಡೈನಮೋ ಕವಚದೊಳಗೆ ಆಲ್ಟರ್ನೇಟರ್ ಅಡಗಿಸಿದ ಯೂನಿಟ್‌ಗಳಿವೆ. ಅದೇ ಕಾಲು, ಅದೇ ಪುಲ್ಲಿ ಜಾಗ. ಪಾಸಿಟಿವ್ ಅರ್ತ್‌ಗೂ ಸಿಗುತ್ತವೆ. ವಯರಿಂಗ್ ಬದಲಾವಣೆ ಮಾತ್ರ ಇಲ್ಲೂ ತಪ್ಪಿದ್ದಲ್ಲ. ಇಂಥದ್ದನ್ನು ಹಾಕಿದರೆ ಅದರ ಮೈಮೇಲೆ ಒಂದು ಚೀಟಿ ಅಂಟಿಸಿ, ಇದು ಆಲ್ಟರ್ನೇಟರ್ ಅಂತ ಬರೆಯಿರಿ. ನಾಳೆ ಯಾರೋ ಅನುಭವಿ ಮೆಕ್ಯಾನಿಕ್ ಹೊರಗಿನ ಕವಚ ನೋಡಿ, ಡೈನಮೋ ಅಂದುಕೊಂಡು, ಬ್ಯಾಟರಿ ವಯರ್ ತಂದು ಟರ್ಮಿನಲ್‌ಗೆ ಮುಟ್ಟಿಸಿದರೆ ಒಳಗಿನ ಡಯೋಡೋ ರೆಗ್ಯುಲೇಟರೋ ಹಾಳಾಗಬಹುದು.